ಬೆಳಗದ ಫ್ಲಾಸ್ಕಿನ ಅಕ್ಕಾರು

ಅಕ್ಕಾರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ. ಹೇಳಿದವಳು ಕಾಲೇಜಿನಲ್ಲಿ ನನ್ನ ಜೊತೆ ಓದಿದ ಕಿತ್ತೂರಿನ ಗೆಳತಿ. ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. "ಪಾಪ, ಭಾಳ ಹಟಮಾರಿ ಇದ್ರು ನೋಡ. ಒಂದ ಪ್ರಯೋಗ ಹಿಡಕೊಂಡು ಅಷ್ಟು ವರ್ಷ ಕಳದ್ರು" ಎಂದು ಸೇರಿಸಿದಳು. ನನಗೆ ಎಲ್ಲಿತ್ತೋ ಸಿಟ್ಟು, ಅಷ್ಟು ಜನರ ನಡುವೆಯೇ ಅವಳ ಮೇಲೆ ಹರಿಹಾಯ್ದೆ. ಅಷ್ಟರಲ್ಲಿ ನನ್ನ ಬಸ್ಸು ನನ್ನನ್ನು ಬಿಟ್ಟು ಹೋಯಿತು.

ಮನೆಗೆ ಬಂದ ಮೇಲೆ ತಿಳಿಯಿತು, ಸಿಟ್ಟು ಅವಳ ಮೇಲಿನದಲ್ಲ ಅಂತ. ನಿವೃತ್ತಿಗೆ ಮೊದಲು ಅಕ್ಕಾರ ಕೈಯಲ್ಲಿ ಉಳಿದಿದ್ದದ್ದು ಒಂದೇ ವರ್ಷ, ಅದರಲ್ಲಿ ಮುಕ್ಕಾಲು ಪಾಲು ಹಾಳು ಮಾಡಿದವಳು ನಾನು. ಇದು ಗೊತ್ತಿದ್ದದ್ದು ಮೂರು ಮಂದಿಗೆ. ಈಗ ಇಬ್ಬರು ಉಳಿದಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕಾರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ವಿಭಾಗದ ಬಾಗಿಲ ಮೇಲೂ ತಮ್ಮ ಹೆಸರು ಹಾಕಿಸಿಕೊಳ್ಳಲು ಒಪ್ಪಿದವರಲ್ಲ. ಈಗ ಕೇಳಲು ಅವರಿಲ್ಲವೆಂದು ನಾನು ಹಾಕಿದರೆ ಅದು ಇನ್ನೊಂದು ಮೋಸವಾದೀತು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಅನ್ನುತ್ತೇವೆ, ಕಾಲೇಜಿನವರನ್ನು ಮೇಡಂ. ಇವರು ಮೊದಲು ರಾಮದುರ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಆಮೇಲೆ ಬೈಲಹೊಂಗಲದ ಕಾಲೇಜಿಗೆ ಸೂಕ್ಷ್ಮಜೀವಿ ಶಾಸ್ತ್ರ ಕಲಿಸಲು ಬಂದರು. ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಕಲಿತ ಸಾಲಹಳ್ಳಿಯ ಹುಡುಗಿಯೊಬ್ಬಳು ಇಲ್ಲಿಗೂ ಬಂದು, ಹಳೆಯ ರೂಢಿಯಿಂದ "ಅಕ್ಕಾರ" ಎಂದು ಕೂಗಿದಳಂತೆ. ಅಂದಿನಿಂದ ಪ್ರಿನ್ಸಿಪಾಲರಿಗೂ ಅವರು ಅಕ್ಕಾರೇ. ಊರು ಸುರೇಬಾನ. ಗಿಡ್ಡ ಆಳು, ನಡಿಗೆ ಮಾತ್ರ ಜೋರು. ಬಲಗೈಯ ಎರಡು ಬೆರಳ ತುದಿ ಯಾವಾಗಲೂ ನೇರಳೆ, ಬ್ಯಾಕ್ಟೀರಿಯಾಗಳಿಗೆ ಹಚ್ಚುವ ಬಣ್ಣದ್ದು. ಮದುವೆಯ ಪಂಕ್ತಿಯಲ್ಲಿ ಆ ಬೆರಳುಗಳಿಂದ ಹೋಳಿಗೆ ಮುರಿಯುವುದನ್ನು ಕಂಡು ಪಕ್ಕದವರು ತಮ್ಮ ಎಲೆ ಸರಿಸಿಕೊಂಡರೆ, "ಒಣಗಿದ ಬಣ್ಣರಿ, ಹತ್ತಂಗಿಲ್ಲ" ಎಂದು ಹೇಳಿ ಊಟ ಮುಂದುವರಿಸುತ್ತಿದ್ದರು.

ಅಂದಾಜಿನ ಮಾತು ಅವರಿಗೆ ಆಗುತ್ತಿರಲಿಲ್ಲ. ಬಸ್ಸು ಯಾವಾಗ ಬಿಡುತ್ತದೆಂದು ಕೇಳಿದರೆ ಕಂಡಕ್ಟರ್ ಪ್ರತಿ ಸಲ "ಈಗ ಬಿಡತೇವ್ರಿ" ಎನ್ನುತ್ತಿದ್ದ. ಅಕ್ಕಾರು ಎರಡು ವಾರ ಗಡಿಯಾರ ನೋಡಿ ನೋಡಿ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೂರನೇ ವಾರ ಹತ್ತುವಾಗ ಅವನಿಗೆ, "ನಿಮ್ಮ ಈಗ ಅಂದ್ರ ಹದಿನೇಳು ನಿಮಿಷ ಆತ್ರಿ. ಹದಿನೇಳು ನಿಮಿಷ ಅಂತ ಹೇಳ್ರಿ, ನಾ ಚಹಾ ಕುಡದು ಬರತೇನಿ" ಎಂದರು. ಬಸ್ಸೆಲ್ಲ ನಕ್ಕಿತು. ಅವರು ನಗಲಿಲ್ಲ, ಚಹಾ ಕುಡಿಯಲು ಹೋದರು. ಕಂಡಕ್ಟರ್ ಅವರಿಗಾಗಿ ಕಾದ ಎಂಬುದು ಬೇರೆ ಮಾತು.

ನಮಗೆ ಅವರ ಗುರುತು ಉಳಿದಿರುವುದು ಕಬ್ಬಿಣದ ಪಾಠದಿಂದ. ಅವರು ಚಿಕ್ಕವರಿದ್ದಾಗ ಸುರೇಬಾನದ ಹೊಲದ ಬದುವಿನಲ್ಲಿ ಒಂದು ನಿಂಬಿ ಗಿಡ ಇತ್ತಂತೆ. ಎಲೆಯ ನರ ಹಸಿರು, ಉಳಿದದ್ದೆಲ್ಲ ಹಳದಿ. ಗಿಡಕ್ಕೆ ಕಬ್ಬಿಣ ಸಾಲದೆಂದು ಯಾರೋ ಹೇಳಿದರು. ಅಪ್ಪ ತುಕ್ಕು ಹಿಡಿದ ಮೊಳೆ, ಮುರಿದ ಕುಡಗೋಲು, ಎತ್ತಿನ ಲಾಳ ಎಲ್ಲ ತಂದು ಬುಡದಲ್ಲಿ ಹೂತರು. ಗಿಡ ಹಳದಿಯೇ ಉಳಿಯಿತು. ಆ ನೆಲ ಸುಣ್ಣದ ಹರಳಿನ ಕಪ್ಪು ಎರಿ ನೆಲ. ಅಂಥ ಮಣ್ಣಿನಲ್ಲಿ ಕಬ್ಬಿಣ ಕರಗುವುದಿಲ್ಲ, ಕರಗದೆ ಬೇರಿಗೆ ಸಿಗುವುದಿಲ್ಲ. "ಕಬ್ಬಿಣ ಇಲ್ಲಂತಲ್ಲ. ಐತಿ. ಕೈಗೆ ಸಿಗವಲ್ದು. ನಿಂಬಿ ಗಿಡ ಸುಮ್ಮ ನಿಂತತು. ಅದ ಮಣ್ಣಾಗ ಬ್ಯಾಕ್ಟೀರಿಯಾ ಏನ ಮಾಡತಾವು, ಅದು ಇವತ್ತಿನ ಪಾಠ" ಎಂದು ಶುರು ಮಾಡುತ್ತಿದ್ದರು.

ಅವರು ಹೇಳಿದ್ದು ಇಷ್ಟು. ಬ್ಯಾಕ್ಟೀರಿಯಾದ ಒಳಗೆ ಒಂದು ಪ್ರೋಟೀನು ಇದೆ. ಒಳಗೆ ಕಬ್ಬಿಣ ಸಾಕಷ್ಟಿದ್ದಾಗ ಅದಕ್ಕೆ ಕಬ್ಬಿಣ ಅಂಟಿಕೊಳ್ಳುತ್ತದೆ. ಅಂಟಿದ ಪ್ರೋಟೀನು ಹೋಗಿ ಡಿಎನ್‌ಎ ಮೇಲೆ ಕೆಲವು ಜೀನುಗಳ ಬಾಯಿಗೆ ಕೂರುತ್ತದೆ, ಆ ಜೀನುಗಳ ಕೆಲಸ ನಿಲ್ಲುತ್ತದೆ. ಒಳಗೆ ಕಬ್ಬಿಣ ಕಡಿಮೆಯಾದರೆ ಪ್ರೋಟೀನಿನಿಂದ ಕಬ್ಬಿಣ ಕಳಚಿಕೊಳ್ಳುತ್ತದೆ, ಪ್ರೋಟೀನು ಡಿಎನ್‌ಎಯನ್ನು ಬಿಟ್ಟು ಸರಿಯುತ್ತದೆ, ಜೀನುಗಳು ತೆರೆಯುತ್ತವೆ. ಆಗ ಕಬ್ಬಿಣ ಹಿಡಿಯುವ ಸಣ್ಣ ಅಣುಗಳು ತಯಾರಾಗಿ ಹೊರಗೆ ಹೋಗಿ, ಮಣ್ಣಿನ ಕಬ್ಬಿಣವನ್ನು ಕಚ್ಚಿ ಹಿಡಿದು ಒಳಗೆ ತರುತ್ತವೆ. ಸಾಕಷ್ಟು ಬಂತೆಂದರೆ ಜೀನುಗಳು ಮತ್ತೆ ಮುಚ್ಚುತ್ತವೆ, ಯಾಕೆಂದರೆ ಕಬ್ಬಿಣ ಹೆಚ್ಚಾದರೆ ಜೀವಕೋಶಕ್ಕೆ ಅದೇ ವಿಷ.

ಇದನ್ನು ಮೊದಲ ಸಲ ಕೇಳಿದಾಗ ನಾನು, "ಎಷ್ಟು ಶಾಣ್ಯಾ ಅದಾವರಿ" ಎಂದೆ. ಅಕ್ಕಾರು ಪೆನ್ನಿನ ಮುಚ್ಚಳ ತಿರುಗಿಸುತ್ತ ನನ್ನನ್ನೇ ನೋಡಿದರು.

"ಶಾಣೇತನ ಎಲ್ಲಿ ಬಂತ ಅದರಾಗ? ಕಬ್ಬಿಣ ಅಂಟಿದ್ರ ಮುಚ್ಚತೈತಿ, ಬಿಟ್ರ ತೆರೀತೈತಿ. ಅದಕ್ಕ ವಿಚಾರ ಮಾಡಾಕ ಬರಂಗಿಲ್ಲ, ಸುಳ್ಳು ಹೇಳಾಕೂ ಬರಂಗಿಲ್ಲ. ಹಂಗಾಗಿ ನಿಮಗ ನನಗ ಕೇಳೂದಕ್ಕಿಂತ ಅದಕ್ಕ ಕೇಳೂದು ಚೊಲೊ."

ಕೇಳುವ ದಾರಿ ಎಂದರೆ ಆ ಪ್ರಯೋಗ. ಬೇರಿನ ಬಳಿಯ ಮಣ್ಣಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ. ಅದು ಮಾಡುವ ಕಬ್ಬಿಣ ಹಿಡಿಯುವ ಅಣು ಹಳದಿ ಹಸಿರು ಬಣ್ಣದ್ದು, ಕತ್ತಲೆಯಲ್ಲಿ ಯುವಿ ದೀಪ ಹಿಡಿದರೆ ಬೆಳಗುತ್ತದೆ. ಕಬ್ಬಿಣವಿಲ್ಲದ ದ್ರವದಲ್ಲಿ ಬೆಳೆಸಿದರೆ ಫ್ಲಾಸ್ಕು ಬೆಳಗಬೇಕು, ಕಬ್ಬಿಣ ಹಾಕಿ ಬೆಳೆಸಿದರೆ ಬೆಳಗಬಾರದು. ಜೀನು ತೆರೆಯುವುದು ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ದೊಡ್ಡ ಯಂತ್ರ ಯಾವುದೂ ಬೇಡ. ಬೈಲಹೊಂಗಲದಂಥ ಊರಿನ ಲ್ಯಾಬಿನಲ್ಲಿ ಮಾಡಿ ತೋರಿಸಬಹುದಾದ ಚೆಂದದ ಪ್ರಯೋಗ.

ಆದರೆ ನಮ್ಮ ಲ್ಯಾಬಿನಲ್ಲಿ ಅದು ಬೆಳಗುತ್ತಿರಲಿಲ್ಲ. ಅಕ್ಕಾರು ಬಂದ ವರ್ಷ ಬೆಳಗಲಿಲ್ಲ, ಮರುವರ್ಷವೂ ಇಲ್ಲ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತಿತ್ತು, ದ್ರವ ಕದಡುತ್ತಿತ್ತು, ದೀಪ ಹಿಡಿದರೆ ಕತ್ತಲೆ. ದೀಪ ಕೆಟ್ಟಿದೆಯೇನೋ ಎಂದು ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಕರವಸ್ತ್ರ ಹಿಡಿದು ನೋಡಿದರು, ಕರವಸ್ತ್ರ ನೀಲಿಯಾಗಿ ಹೊಳೆಯಿತು. ಅದೇ ಬ್ಯಾಕ್ಟೀರಿಯಾವನ್ನು ಟ್ಯೂಬಿನಲ್ಲಿ ಧಾರವಾಡಕ್ಕೆ ಒಯ್ದು ಗೆಳತಿಯ ಲ್ಯಾಬಿನಲ್ಲಿ ಬೆಳೆಸಿದರೆ ಅಲ್ಲಿ ಚೆನ್ನಾಗಿ ಬೆಳಗಿತು. ಕೆಮಿಸ್ಟ್ರಿಯ ಮಾಸ್ತರರು, "ಅಕ್ಕಾರ, ನಿಮ್ಮ ಹುಳಕ್ಕ ಧಾರವಾಡದ ನೀರ ಬೇಕ್ರಿ" ಎಂದು ಚೇಷ್ಟೆ ಮಾಡಿದರು. ಅಕ್ಕಾರು ಚೇಷ್ಟೆಯನ್ನೂ ಬಿಡುವವರಲ್ಲ. ಧಾರವಾಡದಿಂದ ಶುದ್ಧ ಮಾಡಿದ ನೀರಿನ ಎರಡು ಕ್ಯಾನು ತುಂಬಿಸಿಕೊಂಡು, ದ್ರವಕ್ಕೆ ಹಾಕುವ ಉಪ್ಪುಗಳನ್ನೂ ಅಲ್ಲಿಂದಲೇ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತಂದು ಅದರಲ್ಲೂ ಮಾಡಿದರು. ಬೆಳಗಲಿಲ್ಲ.

ಪ್ರತಿ ವರ್ಷ ವಿದ್ಯಾರ್ಥಿಗಳು ರೆಕಾರ್ಡಿನಲ್ಲಿ "ಬೆಳಕು ಕಾಣಲಿಲ್ಲ" ಎಂದೇ ಬರೆಯಬೇಕಾಗುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಅದಕ್ಕೆ ಅಂಕ ಕಡಿಯುತ್ತಿದ್ದರು. ಪುಸ್ತಕದಲ್ಲಿದ್ದಂತೆ ಬರೆಸಿಬಿಡಿ, ಎಲ್ಲರೂ ಹಾಗೇ ಮಾಡುವುದು ಎಂದು ಸಹೋದ್ಯೋಗಿಗಳು ಹೇಳಿದರು. "ಕಾಣಬೇಕಾದದ್ದು ಪುಸ್ತಕದಾಗ ಐತಿ. ಅದನ್ನ ಮತ್ತ ಯಾಕ ಬರೀಬೇಕು? ಕಂಡದ್ದು ಬರೀರಿ" ಎಂಬುದು ಅವರ ಉತ್ತರ. ಕಡಿದ ಅಂಕಕ್ಕಾಗಿ ಅವರೇ ಪರೀಕ್ಷಕರ ಜೊತೆ ವಾದಕ್ಕಿಳಿಯುತ್ತಿದ್ದರು, ಸೋಲುತ್ತಿದ್ದರು, ಮರುವರ್ಷ ಮತ್ತೆ ಇಳಿಯುತ್ತಿದ್ದರು.

ಈಗ ನನ್ನ ಸರದಿ. ನಾನು ದೊಡವಾಡದವಳು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಕೊನೆಯ ವರ್ಷ ಅಕ್ಕಾರು ನನಗೆ ನಮ್ಮ ಹೊಲದ ಮಣ್ಣನ್ನೇ ತರಲು ಹೇಳಿ, ಅದರಿಂದ ಬ್ಯಾಕ್ಟೀರಿಯಾ ಬೇರೆ ಮಾಡಿಸಿ, ಅದೇ ಪ್ರಯೋಗ ಕೊಟ್ಟರು. ನನಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಬೇಕಿತ್ತು, ಒಂದೊಂದು ಅಂಕಕ್ಕೂ ಜೀವ ಬಿಡುತ್ತಿದ್ದೆ. ಫ್ಲಾಸ್ಕು ಎಲ್ಲರದರಂತೆ ಕಪ್ಪಗಿತ್ತು. ಅಂದು ಅಕ್ಕಾರು ರಜೆಯ ಮೇಲಿದ್ದರು. ನಾನು ಫ್ಲಾಸ್ಕು ಚೆಲ್ಲಿ, ರೆಕಾರ್ಡಿನಲ್ಲಿ "ಹಳದಿ ಹಸಿರು ಬೆಳಕು ಕಂಡಿತು" ಎಂದು ಬರೆದೆ.

ಮರುದಿನ ಅವರು ಅದನ್ನು ಓದಿದಾಗ ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ನಿಧಾನಕ್ಕೆ ತಲೆ ಎತ್ತಿ, "ಕಂಡತಾ?" ಎಂದರು. ಹೂಂ ಎಂದೆ. "ಫ್ಲಾಸ್ಕ್ ಎಲ್ಲೈತಿ?" ತೊಳೆಯಲು ಕೊಟ್ಟೆ ಎಂದೆ. ಅವರ ಮುಖದಲ್ಲಿ ಎಂದೂ ಕಾಣದ ಒಂದು ಸಂತೋಷ ಬಂದು ನಿಂತಿತ್ತು. "ನಾ ಬರೂತನಕಾ ಇಡಬೇಕಿತ್ತ, ಹುಚ್ಚಿ" ಎಂದಷ್ಟೇ ಹೇಳಿ ಸಹಿ ಮಾಡಿದರು. ಆ ಮುಖ ನೋಡಿದಾಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಂಕ ಬಂತು, ಸೀಟು ಸಿಕ್ಕಿತು, ನಾನು ಧಾರವಾಡಕ್ಕೆ ಹೋದೆ.

ನಾಲ್ಕು ವರ್ಷದ ನಂತರ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಅಕ್ಕಾರಿಗೆ ಅದು ಕೊನೆಯ ವರ್ಷ, ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಜುಲೈಯಲ್ಲಿ ನಾನು ಮೊದಲ ದಿನ ವಿಭಾಗಕ್ಕೆ ಕಾಲಿಟ್ಟಾಗ ಅವರು ಎದ್ದು ನಿಂತು, "ಬರ್ರಿ ಮೇಡಂ, ಕುಂದರ್ರಿ" ಎಂದರು. ನನ್ನನ್ನು ಏಕವಚನದಲ್ಲಿ ಗದರುತ್ತಿದ್ದವರ ಬಾಯಲ್ಲಿ ಆ ಮರ್ಯಾದೆ ಕೇಳಿ ಮೈ ಹಿಡಿಯಾಯಿತು. ಮೇಜಿನ ಮೇಲೆ ನನ್ನ ಹಳೆಯ ರೆಕಾರ್ಡು ತೆರೆದಿತ್ತು.

"ಇಷ್ಟು ವರ್ಷದಾಗ ಬೆಳಗಿದ್ದು ನಿಮ್ಮ ಫ್ಲಾಸ್ಕ್ ಒಂದ" ಎಂದರು. "ಅದ ಲ್ಯಾಬು, ಅದ ನೀರು, ಅದ ಗಾಜು. ಅಂದ್ರ ಕಾಲೇಜಿನಾಗ ತಪ್ಪಿಲ್ಲ. ನಿಮ್ಮ ಹೊಲದ ಮಣ್ಣಾಗ ಏನೋ ಐತಿ. ಹೋಗೂದರೊಳಗ ಅದನ್ನ ಹುಡುಕಿ, ಈ ಹುಡುಗೂರಿಗೆ ಇದ ಲ್ಯಾಬಿನ ಕ್ವಾಣ್ಯಾಗ ತೋರಿಸಿ ಹೋಗತೇನಿ."

ಆಗ ನನ್ನ ನಾಲಗೆ ಬಿದ್ದುಹೋಗಿತ್ತು ಎಂದು ಬರೆದರೆ ಅದೂ ಸುಳ್ಳು. ನಾಲಗೆ ಚೆನ್ನಾಗಿಯೇ ಇತ್ತು. ಹೊಸ ಕೆಲಸ, ಹೊಸ ಮರ್ಯಾದೆ, ಹೆದರಿದೆ, ಅಷ್ಟೇ. ನಾಳೆ ಹೇಳೋಣ ಎಂದುಕೊಂಡೆ.

ಆ ನಾಳೆ ಏಳು ತಿಂಗಳು ಬರಲಿಲ್ಲ. ಅಕ್ಕಾರು ರವಿವಾರ ಬಂತೆಂದರೆ ಬೈಲಹೊಂಗಲದಿಂದ ದೊಡವಾಡದ ಬಸ್ಸು ಹತ್ತುತ್ತಿದ್ದರು. ನಮ್ಮ ಹೊಲದ ನಾಲ್ಕು ಮೂಲೆ, ನಡು, ಬದು, ಬಾವಿಯ ಕಡೆ ಎಲ್ಲ ಕಡೆಯ ಮಣ್ಣು ತೆಗೆದರು. ಕಬ್ಬಿಣದ ಕುರ್ಪಿ ಸೋಕಬಾರದೆಂದು ಬಿದಿರಿನ ಚೂರಿನಿಂದ ಕೆದರುತ್ತಿದ್ದರು. ಮಳೆಯಲ್ಲಿ ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಎತ್ತಲಾಗದಾದಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ನಮ್ಮವ್ವ ರೊಟ್ಟಿ ಕಟ್ಟಿಕೊಟ್ಟು, "ಅಕ್ಕಾರ, ಈ ವಯಸ್ಸಿನಾಗ ಯಾಕ್ರಿ ಇಷ್ಟು ತ್ರಾಸು" ಎಂದರೆ, "ನಿಮ್ಮ ಮಗಳು ಕಂಡಾಳಲ್ಲರಿ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಾಕಬೇಕು" ಎಂದರಂತೆ. ಅವ್ವ ಇದನ್ನು ಹೆಮ್ಮೆಯಿಂದ ನನಗೆ ಹೇಳಿದಳು. ನಾನು ಆ ಹೊತ್ತು ಊಟ ಬಿಟ್ಟೆ.

ಜನವರಿಯ ಕೊನೆಗೆ ಒಂದು ಸೋಮವಾರ ಅವರು ನನ್ನ ಮುಂದೆ ಕಾಗದ ಹರಡಿದರು. ಯಾವ ಮೂಲೆಯ ಮಣ್ಣು, ಯಾವ ತಿಂಗಳು, ಎಷ್ಟು ದಿನ ಬೆಳೆಸಿದ್ದು, ಎಲ್ಲ ಸಾಲಾಗಿ ಬರೆದಿತ್ತು. ಪ್ರತಿ ಸಾಲಿನ ಕೊನೆಗೂ ಒಂದೇ ಮಾತು, ಕಾಣಲಿಲ್ಲ.

"ಎಲ್ಲಾ ನೋಡೇನಿ. ಒಂದ ಉಳದೈತಿ" ಎಂದರು. "ಆ ಫ್ಲಾಸ್ಕಿಗೆ ಬ್ಯಾಕ್ಟೀರಿಯಾ ಹಾಕಿದ್ದು ನಿಮ್ಮ ಕೈ. ಕೈಯಾಗಿಂದ ಬ್ಯಾರೆ ಏನರೆ ಬಿದ್ದಿರಬೇಕು. ಕೈ ಮುಂದ ಮಾಡ್ರಿ ಮೇಡಂ, ಅದನ್ನೂ ಬೆಳಸಿ ನೋಡೋಣ."

ನಾಲ್ಕು ವರ್ಷದ ಹಿಂದಿನ ಕೈಯಲ್ಲಿ ಈಗ ಏನೂ ಸಿಗದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಉಳಿದ ಒಂದನ್ನೂ ಬಿಡಬಾರದು. ಕಡ್ಡಿಗೆ ಸುತ್ತಿದ ಹತ್ತಿಯನ್ನು ನೀರಿನಲ್ಲಿ ಅದ್ದಿ ನನ್ನ ಅಂಗೈಯ ಮೇಲೆ ಒರೆಸತೊಡಗಿದರು. ಹತ್ತಿ ತಣ್ಣಗಿತ್ತು. ಅವರ ನೇರಳೆ ಬೆರಳು ನನ್ನ ಮಣಿಕಟ್ಟು ಹಿಡಿದಿತ್ತು. ನನ್ನಿಂದ ಇನ್ನು ಆಗಲಿಲ್ಲ.

"ಅಕ್ಕಾರ, ನಾ ಕಂಡಿಲ್ಲರಿ."

ಅವರ ಕೈ ನಿಂತಿತು.

"ಬೆಳಕು ಕಂಡಿಲ್ಲರಿ. ಅಂಕದ ಆಸೇಕ ಬರದೆ."

ಅವರು ಹತ್ತಿಯ ಕಡ್ಡಿಯನ್ನು ಟ್ಯೂಬಿಗೆ ಹಾಕಿ, ಮುಚ್ಚಳ ಹಾಕಿ, ಸ್ಟ್ಯಾಂಡಿನಲ್ಲಿಟ್ಟರು. ಆಮೇಲೆ ಕುಳಿತರು.

"ಯಾವಾಗಿಂದ ಹೇಳಬೇಕಂತಿದ್ದಿ?"

"ಜುಲೈದಿಂದರಿ."

"ಜುಲೈ" ಎಂದು ಒಮ್ಮೆ ಹೇಳಿ ತಮ್ಮ ಕಾಗದಗಳನ್ನು ನೋಡಿದರು. "ನನಗ ನಿನ್ನ ಮ್ಯಾಲೆ ಸಿಟ್ಟು ಬಂದೈತಿ. ಭಾಳ ಬಂದೈತಿ. ಅದು ಎಲ್ಲೂ ಹೋಗಂಗಿಲ್ಲ, ಆಮ್ಯಾಲೆ ನೋಡೋಣ. ಮಾರ್ಚ್ ಹತ್ರ ಬಂತು. ರೆಕಾರ್ಡ್ ತಾ."

ತಂದೆ. ಕೆಂಪು ಪೆನ್ನು ಕೊಟ್ಟರು. ಆ ಸಾಲನ್ನು ನನ್ನ ಕೈಯಿಂದಲೇ ಹೊಡೆಸಿದರು, ಪಕ್ಕದಲ್ಲಿ ತಾರೀಖು ಹಾಕಿಸಿ ಸಹಿ ಮಾಡಿಸಿದರು. ಕೆಳಗೆ ತಮ್ಮ ಹಳೆಯ ಸಹಿಯನ್ನೂ ತಾವೇ ಹೊಡೆದು, "ನೋಡದೆ ಸಹಿ ಮಾಡಿದ್ದು ನನ್ನ ತಪ್ಪು" ಎಂದು ಬರೆದರು. ನನಗೆ ಅಳು ಬಂತು. ಅವರು ನನ್ನ ಅಳುವಿನ ಕಡೆ ನೋಡಲೇ ಇಲ್ಲ. ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಮತ್ತೆ ಮೊದಲಿಂದ ಓದುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಬೆನ್ನು ನೆಟ್ಟಗಾಯಿತು.

"ಇಲ್ಲಿ ಬಾ. ಈಗ ನೋಡು. ಇಲ್ಲಿ ಒಂದೂ ಬೆಳಗಿಲ್ಲ. ಒಂದಂದ್ರ ಒಂದೂ ಇಲ್ಲ. ಸುರೇಬಾನದ ಮಣ್ಣು, ಸಾಲಹಳ್ಳಿದು, ದೊಡವಾಡದ್ದು, ಯಾವುದೂ ಇಲ್ಲ. ಧಾರವಾಡದ ನೀರು, ಉಪ್ಪು ತಂದ್ರೂ ಇಲ್ಲ. ಅದ ಬ್ಯಾಕ್ಟೀರಿಯಾ ಧಾರವಾಡಕ್ಕ ಹೋದ್ರ ಬೆಳಗತೈತಿ. ಇಲ್ಲಿ ಎಲ್ಲಾದಕ್ಕೂ ಕೂಡಿದ್ದು ಏನು?"

ನಾನು ಕಣ್ಣೊರೆಸಿಕೊಂಡು ಹೇಳಿದೆ. "ಗಾಜು."

"ಗಾಜು. ನಿನ್ನ ಒಂದ ಸಾಲು ಗಾಜಿಗೆ ತಪ್ಪಿಲ್ಲ ಅಂತ ಸಾಕ್ಷಿ ಹೇಳಿತ್ತು. ನಾ ನಂಬಿದ್ದೆ."

ಗಾಜು ತೊಳೆಯುವವರು ಗಂಗವ್ವ, ಲ್ಯಾಬಿನ ಅಟೆಂಡರ್. ಅಕ್ಕಾರಿಗಿಂತ ಮೊದಲಿನಿಂದ ಅಲ್ಲಿದ್ದವರು. ಶುದ್ಧ ನೀರಿನಲ್ಲಿ ಮೂರು ಸಲ ಜಾಲಾಡಿಸಬೇಕೆಂದು ಅಕ್ಕಾರು ಬಂದ ವರ್ಷವೇ ಹೇಳಿಕೊಟ್ಟಿದ್ದರು, ಗಂಗವ್ವ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಮೂರು ಸಲ ಆಯಿತೇ ಎಂದು ಕೇಳಿದಾಗೆಲ್ಲ ಆಯಿತು ಎಂದು ನಿಜವನ್ನೇ ಹೇಳಿದ್ದರು. ಮರುದಿನ ಬೆಳಿಗ್ಗೆ ಅಕ್ಕಾರು ಏನೂ ಕೇಳದೆ ತೊಳೆಯುವ ಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತರು. ನಾನು ಹಿಂದೆ ನಿಂತೆ. ಗಂಗವ್ವ ಸೋಪು ಹಚ್ಚಿದರು, ನಲ್ಲಿಯ ನೀರಿನಲ್ಲಿ ತೊಳೆದರು, ಶುದ್ಧ ನೀರಿನಲ್ಲಿ ಎಣಿಸಿ ಮೂರು ಸಲ ಜಾಲಾಡಿಸಿದರು, ಬಿಸಿಲಿಗೆ ಬೋರಲು ಹಾಕಿದರು. ಎಲ್ಲ ಸರಿಯಾಗಿತ್ತು. ನಾನು ನಿರಾಸೆಯಿಂದ ಒಳಗೆ ಹೊರಟೆ. ಅಕ್ಕಾರು ಏಳಲಿಲ್ಲ.

ಫ್ಲಾಸ್ಕುಗಳು ಒಣಗಿದ ಮೇಲೆ ಗಂಗವ್ವ ಕಟ್ಟೆಯ ಸಂದಿಯಿಂದ ಒಂದು ಹಳೆಯ ಡಬ್ಬಿ ತೆಗೆದರು. ಅದರಲ್ಲಿ ಕೆಂಪು ಪುಡಿ, ಪುಡಿಯಲ್ಲಿ ಒಂದು ಅರಿವೆ. ಅರಿವೆಯನ್ನು ಕೋಲಿಗೆ ಸುತ್ತಿ ಫ್ಲಾಸ್ಕಿನ ಒಳಗೆ ಹಾಕಿ ಗರಗರ ತಿರುಗಿಸಿದರು. ಆಮೇಲೆ ಒಳಗಿನ ಪುಡಿಯನ್ನು ಉಫ್ ಎಂದು ಊದಿ, ಬೆಳಕಿಗೆ ಹಿಡಿದು ನೋಡಿ ಸಮಾಧಾನದಿಂದ ಕೆಳಗಿಟ್ಟರು.

"ಅದೇನ್ರಿ ಗಂಗವ್ವಾರ?" ಅಕ್ಕಾರು ಅಟೆಂಡರಿಗೂ ಬಹುವಚನವೇ.

"ಹಂಚಿನ ಪುಡಿರಿ. ನೀರಿನ ಕಲಿ ಉಳೀತಾವು, ಮಬ್ಬ ಕಾಣತೈತಿ. ಮನ್ಯಾಗ ಹಿತ್ತಾಳಿ ಕೊಡಾ ಹಿಂಗ ತಿಕ್ಕತೇವಲ್ಲರಿ. ಹೊರಗ ಯಾರೂ ನೋಡಂಗಿಲ್ಲ, ಒಳಗ ನೀವು ನೋಡತೀರಿ, ಅದಕ್ಕ ಒಳಗೂ ತಿಕ್ಕತೇನಿ."

ಹಂಚು ಕೆಂಪಗಿರುವುದೇ ಕಬ್ಬಿಣದಿಂದ. ಅಕ್ಕಾರು ಡಬ್ಬಿಯನ್ನು ಕೈಗೆ ತೆಗೆದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ಗಂಗವ್ವನಿಗೆ ಗೊತ್ತಾಗದಂತೆ ಆ ಡಬ್ಬಿ ಮಾಯ ಮಾಡುತ್ತಿದ್ದರು. ನಾನಂತೂ ಮಾಡುತ್ತಿದ್ದೆ. ಅಕ್ಕಾರು ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕಬ್ಬಿಣ ಇದ್ದರೆ ಜೀನು ಮುಚ್ಚುವುದನ್ನು ನಮಗೆ ಹೇಳಿದಷ್ಟೇ ಸಾವಕಾಶವಾಗಿ ಹೇಳಿದರು. ಗಂಗವ್ವನ ಮುಖ ಸಣ್ಣದಾಯಿತು.

"ಅಂದ್ರ ಇಷ್ಟು ವರ್ಷ ಕೆಡಸಿದಾಕಿ ನಾನೇನ್ರಿ ಅಕ್ಕಾರ?"

"ಕಬ್ಬಿಣ ನಿಮ್ಮ ಅರಿವಿಯಿಂದ ಬಂದೈತಿ, ಅದು ಖರೆ. ಆದ್ರ ನೀವು ಏನೂ ಮುಚ್ಚಿಟ್ಟಿಲ್ಲ. ನಾವು ಕೇಳಲಿಲ್ಲ, ನೋಡಲಿಲ್ಲ. ಬ್ಯಾಕ್ಟೀರಿಯಾನೂ ತಪ್ಪು ಮಾಡಿಲ್ಲರಿ. ಕಬ್ಬಿಣ ಸಿಕ್ಕಿತ್ತು, ಮುಚ್ಚಿಕೊಂಡತು. ಅಷ್ಟೂ ವರ್ಷ ಖರೇನ ಹೇಳೈತಿ."

ಅವರು ನನ್ನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ.

ಇನ್ನು ಸುಮಾರು ಎರಡು ತಿಂಗಳಿತ್ತು. ಗೀರು ಬಿದ್ದ ಹಳೆಯ ಗಾಜು, ಗೀರುಗಳಲ್ಲಿ ಕಬ್ಬಿಣ ಕೂತಿತ್ತು. ಆಸಿಡ್ಡಿನಲ್ಲಿ ನೆನೆಸಿ ತೆಗೆಯಬೇಕು. ಕೆಮಿಸ್ಟ್ರಿ ಮಾಸ್ತರರು ಆಸಿಡ್ಡು ಕೊಟ್ಟರು, ಈ ಸಲ ಚೇಷ್ಟೆ ಮಾಡಲಿಲ್ಲ. ನಾನು ರೆಕಾರ್ಡಿನ ನನ್ನ ಸುಳ್ಳನ್ನೂ ಗಂಗವ್ವನಿಗೆ ಹೇಳಿ, ನಾನೇ ತೊಳೆಯುತ್ತೇನೆಂದು ಮುಂದಾದರೆ ಅವರು ನನ್ನ ಕೈಯಿಂದ ರಬ್ಬರಿನ ಕೈಗವಸು ಕಿತ್ತುಕೊಂಡರು. "ಹಚ್ಚಿದಾಕಿ ನಾನು, ತೆಗಿಯಾಕಿನೂ ನಾನ. ಸರೀರಿ" ಎಂದರು. ಮೊದಲ ಸಲ ಬೆಳಗಲಿಲ್ಲ. ಎರಡನೇ ಸಲ ಎಲ್ಲೋ ಏನೋ ಕಂಡಂತಾಯಿತು. ನಾನು ಕಂಡಿತು ಎಂದೆ. ಅಕ್ಕಾರು, "ಕಂಡಂಗಾತು ಅನ್ನೂದು ಕಂಡಂಗಲ್ಲ" ಎಂದು ಕಾಣಲಿಲ್ಲ ಎಂದೇ ಬರೆದರು. ಫ್ಲಾಸ್ಕುಗಳು ಮತ್ತೆ ಆಸಿಡ್ಡಿಗೆ ಹೋದವು. ಈ ಮಧ್ಯೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಒಂದು ಮಾತೂ ಇಲ್ಲ. ಚಹಾ ಬಂದರೆ ತಮ್ಮ ಕಪ್ ಹಿಡಿದು ಕಿಟಕಿಗೆ ಹೋಗುತ್ತಿದ್ದರು. ನಾನು ಅದನ್ನು ಅನುಭವಿಸಲೇಬೇಕಿತ್ತು, ಅನುಭವಿಸಿದೆ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಒಂದೇ ಒಂದು ಫ್ಲಾಸ್ಕು ಅಕ್ಕಾರ ಮನಸ್ಸಿಗೆ ಬರುವಷ್ಟು ಶುದ್ಧವಾಗಿತ್ತು. ಅದರಲ್ಲಿ ಕಬ್ಬಿಣವಿಲ್ಲದ ದ್ರವ ಹಾಕಿ ಸುರೇಬಾನದ ಬ್ಯಾಕ್ಟೀರಿಯಾ ಬಿಟ್ಟರು. ಇನ್ನೊಂದು ಫ್ಲಾಸ್ಕು ಶುದ್ಧವಾಗಿ ಬಂದದ್ದು ಮರುದಿನ. ಅದರಲ್ಲಿ ಅದೇ ದ್ರವ, ಅದೇ ಬ್ಯಾಕ್ಟೀರಿಯಾ, ಜೊತೆಗೆ ಅಳತೆ ಮಾಡಿದ ಕಬ್ಬಿಣ. ಮೊದಲನೆಯದಕ್ಕೆ ಎರಡು ದಿನ ಆಗುವುದು ಮೂವತ್ತೊಂದಕ್ಕೆ. ಎರಡನೆಯದಕ್ಕೆ ಏಪ್ರಿಲ್ ಒಂದಕ್ಕೆ.

ಮೂವತ್ತೊಂದರ ಮಧ್ಯಾಹ್ನ ಸಾಮಾನಿನ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ದೀಪ ಹಚ್ಚಿದೆವು. ಮೊದಲ ಫ್ಲಾಸ್ಕು ಬೆಳಗಿತು. ಕಂಡಂತೆ ಅಲ್ಲ, ಕಂಡಿತು. ಎಳೆ ಹೆಸರುಕಾಳಿನ ಬಣ್ಣದ ಬೆಳಕು ಫ್ಲಾಸ್ಕಿನ ತುಂಬ ನಿಂತಿತ್ತು. ಹುಡುಗ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಿದರು. ಪ್ರಿನ್ಸಿಪಾಲರೂ ಬಂದು ನೋಡಿ, "ಆತಲ್ಲರಿ ಅಕ್ಕಾರ, ಗೆದ್ರಿ. ನಡೀರಿ, ಸತ್ಕಾರಕ್ಕ ಹೊತ್ತಾತು" ಎಂದರು.

"ಅರ್ಧ ಆಗೈತ್ರಿ" ಎಂದರು ಅಕ್ಕಾರು. "ಇದು ಬೆಳಗತೈತಿ ಅಂತ ಆತು. ಕಬ್ಬಿಣಕ್ಕ ಮುಚ್ಚತೈತಿ ಅನ್ನೂದು ನಾಳೆ."

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಸಂಜೆ ಅವರ ತಮ್ಮ ಗಾಡಿ ತಂದು ಬಾಡಿಗೆ ಮನೆಯ ಸಾಮಾನು ಹೇರಿಕೊಂಡು ಅವರನ್ನು ಸುರೇಬಾನಕ್ಕೆ ಕರೆದುಕೊಂಡು ಹೋದರು. ನಾಳೆಯ ಫ್ಲಾಸ್ಕು ನಾನು ನೋಡಿ ಫೋನಿನಲ್ಲಿ ಹೇಳಬೇಕಾಗಬಹುದು ಎಂದುಕೊಂಡೆ. ನನ್ನ ಮಾತನ್ನು ಅವರು ಯಾಕೆ ನಂಬಬೇಕು ಎಂಬ ವಿಚಾರಕ್ಕೆ ನಿದ್ದೆ ಬರಲಿಲ್ಲ.

ಮರುದಿನ ಹತ್ತೂವರೆಗೆ ಅಕ್ಕಾರು ಕಾಲೇಜಿನ ಗೇಟಿನಲ್ಲಿದ್ದರು. ಸುರೇಬಾನದಿಂದ ಬೆಳಗಿನ ಬಸ್ಸು ಹಿಡಿದು, ರಾಮದುರ್ಗದಲ್ಲಿ ಒಮ್ಮೆ, ಸವದತ್ತಿಯಲ್ಲಿ ಒಮ್ಮೆ ಬದಲಿಸಿ ಬಂದಿದ್ದರು. ವಿಭಾಗದಲ್ಲಿ ತಮ್ಮ ಕುರ್ಚಿಯ ಕಡೆ ಹೋಗಲಿಲ್ಲ, ವಿದ್ಯಾರ್ಥಿಗಳ ಸ್ಟೂಲು ಎಳೆದುಕೊಂಡು ಕುಳಿತರು. ರಜೆಯ ದಿನಗಳು ಶುರುವಾಗಿದ್ದವು, ಇದ್ದದ್ದು ನಾವು ಮೂವರೇ.

ಕತ್ತಲೆಯಲ್ಲಿ ಕಣ್ಣು ಹೊಂದಿಕೊಳ್ಳಲಿ ಎಂದು ಹೊತ್ತು ಕಾದು ದೀಪ ಹಚ್ಚಿದೆವು. ಮೊದಲನೆಯದು ನಿನ್ನೆಗಿಂತ ಜೋರಾಗಿ ಬೆಳಗಿತು. ಅಕ್ಕಾರು ಅದನ್ನು ಪಕ್ಕಕ್ಕೆ ಸರಿಸಿ ಎರಡನೆಯದನ್ನು ಇಟ್ಟರು. "ಗಂಗವ್ವಾರ, ಮೊದಲ ನೀವು ನೋಡ್ರಿ" ಎಂದರು.

ಗಂಗವ್ವ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. "ಮಜ್ಜಿಗಿ ನೀರಿನಂಗ ಕದಡೈತ್ರಿ. ಬೆಳಕಿಲ್ಲರಿ."

"ಇನ್ನೊಂದ ಸಲ ನೋಡ್ರಿ."

"ಇಲ್ಲರಿ ಅಕ್ಕಾರ. ಏನೇನೂ ಇಲ್ಲ."

ಅಕ್ಕಾರು ನೋಡಿದರು. ಬಹಳ ಹೊತ್ತು ನೋಡಿದರು. ಬೆಳಗುವ ಫ್ಲಾಸ್ಕಿನ ಮುಂದೆ ನಿನ್ನೆ ಇಲ್ಲದ ನಗು ಈ ಕಪ್ಪು ಫ್ಲಾಸ್ಕಿನ ಮುಂದೆ ಅವರ ಮುಖದಲ್ಲಿ ಬಂತು. ಬೆಳೆದಿತ್ತು, ಕಬ್ಬಿಣ ಸಿಕ್ಕಿತ್ತು, ಜೀನು ಮುಚ್ಚಿತ್ತು.

ಹೊರಗೆ ಬಂದು ಬೆಳಕಿನಲ್ಲಿ ರೆಕಾರ್ಡು ತೆರೆದರು. ಪೆನ್ನು ತೆಗೆದರು, ಕಾಗದಕ್ಕೆ ತಾಗಿಸುವ ಮೊದಲು ತಡೆದರು.

"ನನ್ನ ಸಹಿ ನಿನ್ನೆ ಐದು ಗಂಟೇಕ ಮುಗೀತು" ಎಂದು ರೆಕಾರ್ಡನ್ನು ನನ್ನ ಕಡೆ ತಿರುಗಿಸಿ ಪೆನ್ನು ಮುಂದೆ ಚಾಚಿದರು. "ಈಗ ಇಲ್ಲಿ ಕಲಿಸೂವರು ನೀವು. ನೀವು ಬರೀರಿ, ಮೇಡಂ."

ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಹೋದೆ. ದೀಪ ಹಚ್ಚಿ, ಎರಡನೇ ಫ್ಲಾಸ್ಕನ್ನು ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ಒಬ್ಬಳೇ ನೋಡಿದೆ. ಆಮೇಲೆ ಬಂದು, "ಎರಡನೇ ಫ್ಲಾಸ್ಕಿನಲ್ಲಿ ಬೆಳಕು ಕಾಣಲಿಲ್ಲ" ಎಂದು ಬರೆದು ಸಹಿ ಹಾಕಿದೆ. ಯಾರು ಬರೆದದ್ದನ್ನೂ ಎರಡು ಸಲ ಓದದೆ ಬಿಡದ ಅಕ್ಕಾರು ಈ ಪುಟವನ್ನು ಓದಲಿಲ್ಲ. ರೆಕಾರ್ಡು ಮುಚ್ಚಿ ಗಂಗವ್ವನ ಕೈಗೆ ಕೊಟ್ಟು, ಮೂರು ಕಪ್ ಚಹಾ ಹೇಳಿಸಿದರು.